ಗೌಡನ ಹಾಸುಗಲ್ಲು

ಮಸ್ಕಿ
೧೬ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಹೋದ ಸಲ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಜಾಸ್ತಿ. ಜೋಯಿಡಾ ಕಡೆಯ ಆ ಮಳೆಯಲ್ಲಿ ದಿನವಿಡೀ ಗಸ್ತು ತಿರುಗಿ ಬಂದು ಒದ್ದೆ ಬನಿಯನ್ನಿನಲ್ಲೇ ಕೂತಿರುತ್ತೀಯಂತೆ. ಉಮಾ ಅತ್ತಿಗೆ ಅಮ್ಮನ ಹತ್ತಿರ ಚಾಡಿ ಹೇಳಿದ್ದಾಳೆ. ಅಮ್ಮ ಅಂದೇ ಅಜಿವಾನ ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿದಳು. ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸಬೇಕಂತೆ. ಮಸ್ಕಿಯಿಂದ ಜೋಯಿಡಾಕ್ಕೆ ಯಾರು ಹೋಗುತ್ತಾರೆ ಎಂದು ನಾನು ಕೇಳಿದರೆ, "ಲೋಕ ಅಂದಮ್ಯಾಲ ಯಾರರ ಹೊಕ್ಕಾರ ಬಿಡು" ಅನ್ನುತ್ತಾಳೆ. ಡಬ್ಬಿ ಇನ್ನೂ ಕಿಟಕಿಯ ಮೇಲೆ ಲೋಕದ ದಾರಿ ಕಾಯುತ್ತಿದೆ.

ನಾವೆಲ್ಲ ಆರಾಮ. ಅಮ್ಮ ಈ ಸಲವೂ ತುರ್ವಿಹಾಳದಲ್ಲಿ ಹದಿನೈದು ದಿನ ನಾಟಿಗೆ ಹೋಗಿ ಬಂದಳು. ಬಂದ ಮೇಲೆ ಒಂದು ವಾರ ಸೊಂಟ ಹಿಡಿದುಕೊಂಡು ಓಡಾಡಿದಳು, ಈಗ ಪರವಾಗಿಲ್ಲ. ಎರಡು ಆಡುಗಳಲ್ಲಿ ಬಿಳಿಯದು ಪಂಚಮಿಯ ದಿನ ಎರಡು ಮರಿ ಹಾಕಿದೆ, ಒಂದು ಹೆಣ್ಣು ಒಂದು ಗಂಡು. ನಾನು ಎಂದಿನಂತೆ ಓದಿಕೊಂಡಿದ್ದೇನೆ. ಸಿಂಧನೂರಿನ ಕಾಲೇಜೊಂದರಲ್ಲಿ ಸಂದರ್ಶನಕ್ಕೆ ಹೋಗಿದ್ದೆ. ಅವರು ಕೇಳಿದ್ದೆಲ್ಲ ಗೊತ್ತಿತ್ತು, ಆದರೆ ಎದುರಿಗೆ ನಾಲ್ಕು ಜನ ಕೂತಿದ್ದನ್ನು ನೋಡಿ ನನ್ನ ಗಂಟಲು ಬೇಸಿಗೆಯ ಕಾಲುವೆ ಗೇಟಿನ ಹಾಗೆ ಮುಚ್ಚಿಬಿಟ್ಟಿತು. ಕನ್ನಡ ಎಂ.ಎ. ಮಾಡಿದವಳಿಗೆ ಕನ್ನಡದಲ್ಲಿ ಹೆಸರು ಹೇಳಲಿಕ್ಕೂ ಬರಲಿಲ್ಲ ಎಂದು ಅವರು ನಕ್ಕಿರಬೇಕು. ಅಪ್ಪನೂ ಗಟ್ಟಿಯಾಗಿದ್ದಾನೆ. ಎಡಗಾಲಿನಲ್ಲಿ ಮಾತ್ರ ಒಂದು ಮುಳ್ಳಿನ ಗಾಯ ಇದೆ. ಆ ಮುಳ್ಳಿನ ಕಥೆಯೇ ಈ ಪತ್ರ.

ಫೋನ್ ಮಾಡಬಾರದಿತ್ತೇ ಅನ್ನಬೇಡ. ನಿನ್ನ ಕಾಡಿನಲ್ಲಿ ಟವರ್ ಸಿಗುವುದು ವಾರಕ್ಕೊಮ್ಮೆ, ನನಗೆ ಮಾತು ಸಿಗುವುದು ಅದಕ್ಕಿಂತ ಕಡಿಮೆ. ಅಲ್ಲದೆ ನಮ್ಮ ಮನೆಯಲ್ಲಿ ಫೋನ್ ಹಿಡಿದರೆ ಅಪ್ಪ ಎಲ್ಲೇ ಇದ್ದರೂ ಕೇಳಿಸಿಕೊಳ್ಳುತ್ತಾನೆ, ಕೇಳಿಸಿಕೊಳ್ಳದವನ ಹಾಗೆ ಹಗ್ಗ ಹೊಸೆಯುತ್ತಾನೆ.

ನಿನ್ನ ಹಿಂದಿನ ಪತ್ರ ಬಂದು ಮೂರು ವಾರವಾಯಿತು. ಲಿಂಗಸುಗೂರು ವಲಯದಲ್ಲಿ ಜಾಗ ಖಾಲಿ ಇದೆ, ಕೋರಿಕೆಯ ವರ್ಗಾವಣೆಗೆ ಅರ್ಜಿ ಹಾಕಲು ಈ ತಿಂಗಳ ಮೂವತ್ತೇ ಕಡೆಯ ದಿನ, ಆದರೆ ಅಪ್ಪ ಬಾ ಅನ್ನದೆ ಹಾಕುವುದಿಲ್ಲ ಎಂದು ಬರೆದಿದ್ದೆ. "ಅವನ ಊರಿಗೆ ಬಂದು ಅವನ ಕಣ್ಣು ತಪ್ಪಿಸಿಕೊಂಡು ಬದುಕುವುದು ನನ್ನಿಂದಾಗದು" ಎಂದಿದ್ದೆ. ಆ ಪತ್ರವನ್ನು ನಾನು ಅಪ್ಪನಿಗೆ ಓದಿ ಹೇಳಲಿಲ್ಲ. ಎರಡೂವರೆ ವರ್ಷದಿಂದ ಈ ಮನೆಯಲ್ಲಿ ನಿನ್ನ ಹೆಸರು ಹಿಡಿದರೆ ಅವನು ಎದ್ದು ಹಿತ್ತಲಿಗೆ ಹೋಗುತ್ತಾನೆ. ಏನೆಂದು ಓದಲಿ?

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಸಿಟ್ಟಾಗಬೇಡ. ಅವತ್ತು ನೀನು ಹಿಡಿದ ಆಡುಗಳನ್ನು ಕೂಡಿದ್ದ ದೊಡ್ಡಿಯ ಒಳಗಿದ್ದೆ, ನಾನು ಗೋಡೆಯ ಈಚೆ ಅಪ್ಪನ ಪಕ್ಕ ನಿಂತಿದ್ದೆ. ಒಂದೇ ದಿನವನ್ನು ನಾವು ಎರಡು ಕಡೆಯಿಂದ ನೋಡಿದ್ದೇವೆ. ಏಪ್ರಿಲ್ ತಿಂಗಳು, ಗುಡ್ಡದಲ್ಲಿ ಒಂದೆಳೆ ಹಸಿರಿಲ್ಲ. ಅರಣ್ಯ ಇಲಾಖೆಯವರು ಸಸಿ ನೆಟ್ಟು ಸುತ್ತ ತಗ್ಗು ತೋಡಿ ಮುಚ್ಚಿದ್ದ ಜಾಗದಲ್ಲಿ ನಮ್ಮ ಇಪ್ಪತ್ತೆರಡು ಆಡುಗಳು ಹೊಕ್ಕಿದ್ದವು. ಗಾರ್ಡ್ ನೀನೇ. ಬೇರೆ ದಿನವಾಗಿದ್ದರೆ ಹೊಡೆದು ಓಡಿಸಿ ಸುಮ್ಮನಾಗುತ್ತಿದ್ದೆಯೇನೋ, ಅವತ್ತು ಮೇಲಿನ ಸಾಹೇಬರು ಜೊತೆಗಿದ್ದರು. ಆಡುಗಳು ದೊಡ್ಡಿಗೆ ಬಂದವು, ನೀನು ಪಂಚನಾಮೆ ಬರೆದೆ. ಅದನ್ನು ಜನರೆದುರಿಗೆ ಓದಿದರು: ಆಡು ಇಪ್ಪತ್ತೆರಡು, ಮಾಲಕರು ಯಾರೆಂದು ಗೊತ್ತಾಗಿಲ್ಲ.

ಅಣ್ಣಾ, ಅಪ್ಪನಿಗೆ ಆಡು ಹಿಡಿದದ್ದಕ್ಕೆ ಸಿಟ್ಟು ಬರಲಿಲ್ಲ. ಹಿಡಿದಾಗ ಅವನು ನಗುತ್ತಲೇ ಇದ್ದ, ಪಕ್ಕದವರಿಗೆ "ನನ್ನ ಮಗ ಡ್ಯೂಟಿ ಮಾಡ್ಯಾನ" ಎಂದು ಹೇಳುತ್ತಿದ್ದ. ಆ ಒಂದು ಸಾಲು ಓದಿದ ಮೇಲೆ ಅವನ ಮುಖದಲ್ಲಿ ಏನೋ ಆರಿಹೋಯಿತು. ನಮ್ಮ ಆಡುಗಳ ಎಡಗಿವಿಯಲ್ಲಿ ತಾತನ ಕಾಲದಿಂದ ಹಾಕುತ್ತ ಬಂದ ಕಚ್ಚು ಇದೆಯಲ್ಲ, ತುದಿಯಲ್ಲಿ ಮೀನಿನ ಬಾಲದಂಥ ಸೀಳು, ಎಡಗಡೆ ಒಂದು ಸಣ್ಣ ಚುಕ್ಕಿಯಂಥ ಕೊಯ್ತ. ಸುತ್ತ ಏಳು ಹಳ್ಳಿಯವರು ಆ ಕಿವಿ ನೋಡಿ ಆದಪ್ಪನ ಆಡು ಅನ್ನುತ್ತಾರೆ. ನೀನು ಹತ್ತು ವರ್ಷದವನಿದ್ದಾಗಲೇ ಅಪ್ಪನ ಕೈಯಿಂದ ಚಾಕು ತೆಗೆದುಕೊಂಡು ಆ ಗುರುತು ಕೊಯ್ದವನು. ನಾನು ಕಣ್ಣು ಮುಚ್ಚಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಅಂಥ ಮಗ ಆ ಕಿವಿ ನೋಡಿಯೂ ಮಾಲಕರು ಗೊತ್ತಿಲ್ಲ ಎಂದು ಬರೆದನಲ್ಲ ಎಂದು ಅಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಮಾತು ಅಂದ: "ನನ್ನ ಕಿವಿ ಗುರುತು ಅವನಿಗೆ ಸಿಗಲಿಲ್ಲಂತ." ದೊಡ್ಡಿಯ ದಂಡ ಕಟ್ಟಿ ಬಿಡಿಸಿಕೊಂಡು ಬಂದು, ಮುಂದಿನ ಸಂತೆಗೆ ಎರಡನ್ನು ಬಿಟ್ಟು ಎಲ್ಲ ಆಡು ಮಾರಿದ. ಆ ಎರಡು ಉಳಿದದ್ದೂ ಅಮ್ಮ ಹಗ್ಗ ಹಿಡಿದು ಬಾಗಿಲಲ್ಲಿ ಕೂತದ್ದಕ್ಕೆ. ಅಂದಿನಿಂದ ಹುಟ್ಟಿದ ಯಾವ ಮರಿಗೂ ಅವನು ಕಿವಿ ಕೊಯ್ದಿಲ್ಲ. "ಗುರುತು ಹಿಡಿಯೋರ ಇಲ್ಲ ಅಂದಮ್ಯಾಲ ಗುರುತು ಯಾಕ" ಅನ್ನುತ್ತಾನೆ. ನಿನಗೆ ಜೋಯಿಡಾಕ್ಕೆ ವರ್ಗವಾದ ದಿನ ನೀನು ಕಾಲಿಗೆ ಬಿದ್ದಾಗ ಗೋಡೆ ನೋಡುತ್ತ ನಿಂತಿದ್ದ. ಅದು ನಿನಗೆ ಗೊತ್ತು.

ಇನ್ನು ಸುದ್ದಿ. ನೀನು ಅರ್ಧ ಮಾಡಿ ಬಿಟ್ಟುಹೋದ ಗುಡ್ಡದ ಹಾದಿಯನ್ನು ಈಗ ಇಲಿಯಾಸ್ ಮುಗಿಸಿದ್ದಾನೆ. ಅವನೇ ನಿನ್ನ ಜಾಗಕ್ಕೆ ಬಂದ ಗಾರ್ಡ್, ಲಿಂಗಸುಗೂರಿನ ಹುಡುಗ, ಬೂಟಿಗೆ ದಿನಾ ಪಾಲಿಶ್ ಹಾಕುತ್ತಾನೆ. ದಸರಾ ರಜೆಗೆ ಹಾದಿಯನ್ನು ಜನರಿಗೆ ತೆರೆಯುತ್ತಾರಂತೆ. ಕೆಳಗಿನಿಂದ ಮೇಲಿನ ಚಾಚುಬಂಡೆಯ ತನಕ ಒಂದೂವರೆ ಕಿಲೋಮೀಟರು, ದಾರಿಯಲ್ಲಿ ಆರು ಬೋರ್ಡು. ಬೋರ್ಡಿನ ಮೇಲೆ ಬರೆಯಲು ಒಳ್ಳೆಯ ಕನ್ನಡ ಬೇಕು ಎಂದು ಯಾರೋ ನನ್ನ ಹೆಸರು ಹೇಳಿದ್ದಾರೆ. ಹೋದ ಬುಧವಾರ ಮನೆಗೆ ಬಂದು ಒಂದು ಕಾಗದ ಕೊಟ್ಟ. ಅದರಲ್ಲಿ ಪಾಯಿಂಟ್ ಒಂದು, ಪಾಯಿಂಟ್ ಎರಡು ಎಂದು ಐದರ ತನಕ ಬರೆದು, ಕೊನೆಯ ಬಂಡೆಗೆ ಸನ್‌ಸೆಟ್ ಪಾಯಿಂಟ್ ಎಂದಿತ್ತು. ನಾನು ತಲೆ ತಗ್ಗಿಸಿ ಓದುತ್ತಿದ್ದೆ. ಹಿತ್ತಲಿನಿಂದ ಹಗ್ಗ ಹೊಸೆಯುವ ಸದ್ದು ನಿಂತಿತು. "ಅಲ್ಲಿ ಹೊತ್ತು ಮುಳುಗೋದು ಕಾಣಂಗಿಲ್ಲ" ಎಂದು ಅಪ್ಪನ ದನಿ ಬಂತು, "ಹೊತ್ತು ಹುಟ್ಟೋದು ಕಾಣ್ತತಿ. ಆ ಬಂಡಿ ಮುಖ ಸಿಂಧನೂರು ಕಡಿ ಐತಿ, ಲಿಂಗಸುಗೂರು ಕಡಿ ಅಲ್ಲ. ಏನು ಗಾರ್ಡೋ ಏನೋ!"

ಇಲಿಯಾಸ್ ಪಾಪ, ಬೇಜಾರಾಗಲಿಲ್ಲ. ಎದ್ದು ಹಿತ್ತಲಿಗೇ ಹೋಗಿ ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕೂತ. "ಹಂಗಾರ ನೀವಾ ಹೇಳ್ರಿ ಯಜಮಾನ್ರ, ಆ ಕಲ್ಲುಗಳಿಗೆ ಹೆಸರು ಏನಾರ ಅದಾವನ್ರಿ?" ಅಂದ. ಅಪ್ಪ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. "ಹೆಸರಿಲ್ಲದ ಕಲ್ಲು ಎಲ್ಲಿರತಾವಲೇ?" ಅಂದ. ಆದರೆ ಇಲ್ಲಿ ಕೂತು ಹೇಳಲು ಬರುವುದಿಲ್ಲ, ಕಲ್ಲಿನ ಎದುರು ನಿಂತರೆ ಬಾಯಿಗೆ ಬರುತ್ತವೆ ಅಂದ. ಅಷ್ಟು ಅಂದಮೇಲೆ ತಾನೇನು ಹೇಳಿದೆ ಎಂದು ಅವನಿಗೇ ಹೊಳೆದಿರಬೇಕು, ಮತ್ತೆ ಹಗ್ಗ ಹಿಡಿದ. ಆ ಗುಡ್ಡಕ್ಕೆ ಅವನು ಎರಡೂವರೆ ವರ್ಷದಿಂದ ಕಾಲಿಟ್ಟಿರಲಿಲ್ಲ. ಅಮ್ಮ ಒಲೆಯ ಮುಂದಿನಿಂದ, "ಹೋಗಿ ಬರ್ರಿ. ಮಗಳಿಗೆ ಕೆಲಸ ಸಿಕ್ಕೈತಿ, ನೀವು ಅಡ್ಡಾಗಬ್ಯಾಡ್ರಿ" ಅಂದಳು. ಆರು ಬೋರ್ಡಿನ ಕೆಲಸವನ್ನು ಅಮ್ಮ ಸರ್ಕಾರಿ ನೌಕರಿಯ ಹಾಗೆ ಆಡಿದ್ದು ಕೇಳಿ ನನಗೆ ನಗು ಬಂತು, ಆದರೆ ಅದೇ ಮಾತು ಅಪ್ಪನನ್ನು ಎಬ್ಬಿಸಿದ್ದು.

ಭಾನುವಾರ ಬೆಳಗ್ಗೆ ಏಳಕ್ಕೆ ಹೊರಟೆವು. ಅಪ್ಪ, ನಾನು, ಇಲಿಯಾಸ್, ಜೊತೆಗೆ ರಹಮಾನಸಾಬ ಕಾಕಾ. ಬಸ್‌ಸ್ಟ್ಯಾಂಡಿನ ಚಹಾ ಗಾಡಿಗೆ ರಜೆ ಹಾಕಿ ಬಂದಿದ್ದ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅದೇ ಗುಡ್ಡದಲ್ಲಿ ಆಡು ಕಾಯ್ದವನು, "ಆದಪ್ಪ ಗುಡ್ಡ ಹತ್ತತಾನಂದ್ರ ಅದನ್ನ ನೋಡಾಕ ಟಿಕೆಟ್ ಇಡಬೇಕು" ಎಂದು ದಾರಿಯುದ್ದಕ್ಕೂ ಸತಾಯಿಸುತ್ತಿದ್ದ. ಗುಡ್ಡದ ಬುಡಕ್ಕೆ ಬಂದ ಕೂಡಲೆ ಅಪ್ಪ ಏನು ಮಾಡಿದ ಗೊತ್ತೇ? ಇಲಾಖೆಯ ದೊಡ್ಡ ಬೋರ್ಡಿನ ಪಕ್ಕ ಚಪ್ಪಲಿ ಬಿಟ್ಟು, ಕಲ್ಲಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ನಮ್ಮ ಕಡೆಯವರಿಗೆ ಗುಡ್ಡ ಅಂದರೆ ಮೇಲೊಬ್ಬ ಮಲ್ಲಯ್ಯ ಇರಲೇಬೇಕಲ್ಲ. ಆಡು ಕಾಯುವಾಗ ಅವನು ಚಪ್ಪಲಿ ಹಾಕಿಕೊಂಡೇ ಹತ್ತುತ್ತಿದ್ದ. ಅವತ್ತು ಕೈಯಲ್ಲಿ ಕೋಲಿಲ್ಲ, ಮುಂದೆ ಆಡಿಲ್ಲ, ಸುಮ್ಮನೆ ಗುಡ್ಡ ಹತ್ತುವುದು ಅಂದರೆ ಅವನ ಕಾಲಿಗೆ ಗೊತ್ತಿದ್ದದ್ದು ಅದೊಂದೇ. ರಹಮಾನಸಾಬ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೇ ಆದಪ್ಪ, ಈ ಗುಡ್ಡದ ಮ್ಯಾಲ ದೇವ್ರಿಲ್ಲೋ ಮಾರಾಯ, ಇಲಾಖಿ ಐತಿ! ಚಪ್ಪಲಿ ಹಾಕ್ಕೋ!" ಬಿಟ್ಟ ಚಪ್ಪಲಿ ಮತ್ತೆ ಹಾಕಿಕೊಂಡರೆ ಸೋತ ಹಾಗಲ್ಲವೇ. ಅಪ್ಪ ಬರಿಗಾಲಿನಲ್ಲೇ ನಡೆದ.

ಹಾದಿ ಹೇಗಾಗಿದೆ ಎಂದು ನಿನಗೆ ಹೇಳಬೇಕು. ನೀನು ಬಿಟ್ಟಾಗ ಬರೀ ಬೋಳು ಕಲ್ಲು, ನಡುವೆ ನಿನ್ನ ಮೊಣಕಾಲೆತ್ತರದ ಸಸಿ. ಈಗ ಬುಡದಿಂದಲೇ ತಂಗಡಿ ಹೂ ಬಿಟ್ಟು ಎರಡೂ ಬದಿ ಅರಿಶಿನ ಚೆಲ್ಲಿದ ಹಾಗಿದೆ. ಆಮೇಲೆ ಸೀತಾಫಲದ ಪೊದೆ ಶುರು. ಕಾಯಿಯ ಕಣ್ಣು ಇನ್ನೂ ಬಿಟ್ಟಿಲ್ಲ, ಆದರೆ ವಾಸನೆ ಬಂದಿದೆ. ನೀನು ಬಕೆಟ್ಟಿನಲ್ಲಿ ನೀರು ಹೊತ್ತು ಉಳಿಸಿದ ಬೇವುಗಳು ನನಗಿಂತ ಎತ್ತರವಾಗಿವೆ. ಅವುಗಳ ನೆರಳಿನಲ್ಲಿ ಕರಡದ ಹುಲ್ಲು ಸೊಂಟದ ತನಕ ಬೆಳೆದು ಗಾಳಿಗೆ ಬಾಗುತ್ತಿತ್ತು. ಒಂದು ನವಿಲು ನಮ್ಮೆದುರೇ ಹಾದಿ ದಾಟಿತು, ಅವಸರವಿಲ್ಲದೆ, ಬಾಡಿಗೆ ಕೊಡುವ ಮನೆಯ ಯಜಮಾನಿಯ ಹಾಗೆ ನಮ್ಮನ್ನು ಒಮ್ಮೆ ನೋಡಿ. ಅಪ್ಪ ಒಂದು ಕಡೆ ನಿಂತು ಹುಲ್ಲಿನ ಕಡ್ಡಿ ಕಿತ್ತು ಹಲ್ಲಿನಲ್ಲಿ ಕಚ್ಚಿ ರುಚಿ ನೋಡಿದ. "ಆಡು ಬಿಟ್ಟಿದ್ರ ಇದು ಏಳ್ತಿರಲಿಲ್ಲ" ಎಂದು ಕಾಕಾನಿಗೆ ಹೇಳಿದ. ಕಾಕಾ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, "ಹೌದು ನೋಡು" ಅಂದ. ನಾನು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳಲಿಲ್ಲ. ಮರೆಯುವ ಮಾತಲ್ಲ ಅದು.

ಹೆಸರುಗಳು ನಿಜವಾಗಿಯೂ ಕಲ್ಲಿನ ಎದುರು ನಿಂತಾಗಲೇ ಬಂದವು. ಎರಡು ಗುಂಡು ಒಂದಕ್ಕೊಂದು ಒರಗಿದ ಕಡೆ ಹಾಲಗುಂಡು, ಅಲ್ಲಿ ಮಧ್ಯಾಹ್ನ ಹಾಲು ಕರೆದು ಚಹಾ ಕಾಸುತ್ತಿದ್ದರಂತೆ. ಮುಂದಿನ ಸಣ್ಣ ಗವಿಗೆ ಮೂರು ಮರಿ ಗವಿ, ಅಲ್ಲಿ ಒಂದು ಆಡು ಒಮ್ಮೆಗೇ ಮೂರು ಮರಿ ಹಾಕಿತ್ತಂತೆ. ಒಂದು ಚಪ್ಪಟೆ ಕಲ್ಲಿಗೆ ರಹಮಾನನ ನಿದ್ದಿಗಲ್ಲು ಎಂದು ಅಪ್ಪ ಗಂಭೀರವಾಗಿ ಹೇಳಿದಾಗ ಕಾಕಾ ಗಲಾಟೆ ತೆಗೆದ. "ಬರಿಬ್ಯಾಡ ಬೇ ಅಂಬಿಕಾ, ನಮ್ಮ ಮನ್ಯಾಗ ಖಾತೂನ್‌ಬೀ ಓದಿದ್ಲಂದ್ರ ಚಹಾದ ಗಾಡಿ ಮ್ಯಾಲೂ ಅದಾ ಬರಸ್ತಾಳ!" ನಾನು ಬರೆದುಕೊಂಡೆ. ಇಲಿಯಾಸನೂ ಬರೆದುಕೊಂಡ.

ಅಲ್ಲಿಂದ ಏರು. ಹಾದಿ ಮೂರು ಸಲ ಹೊರಳುತ್ತದೆ, ನಿನಗೇ ಗೊತ್ತು. ಪ್ರತಿ ಹೊರಳಿನಲ್ಲೂ ಒಂದು ಕಲ್ಲಿನ ಬುಡದಲ್ಲಿ ಬಿಳಿ ಬಣ್ಣದ ಗುರುತು ಇತ್ತು, ಮಳೆಗೆ ಸ್ವಲ್ಪ ಮಾಸಿದ್ದು. ಇಲಿಯಾಸ್ ನನಗೆ ತೋರಿಸಿ, "ಹಿಂದಿನ ಗಾರ್ಡ್ ಬಾಣದ ಗುರುತು ಹಾಕ್ಯಾರ್ರಿ, ಆದ್ರ ತಲಿಕೆಳಗ ಹಾಕ್ಯಾರ. ಮ್ಯಾಲ ಹೋಗೋರಿಗೆ ಕೆಳಗ ತೋರಸ್ತತಿ. ಬಾಜೂಕ ಬಣ್ಣಾನೂ ಚೆಲ್ಲ್ಯಾರ. ನಾಳೆ ಬಂದು ಸರಿ ಮಾಡ್ತೀನಿ" ಅಂದ. ನಾನೂ ನೋಡಿದೆ. ಹೌದಲ್ಲ, ಅಣ್ಣ ಅವಸರದಲ್ಲಿ ತಪ್ಪು ಮಾಡಿದ್ದಾನೆ ಅಂದುಕೊಂಡೆ. ಕಣ್ಣು ಮುಚ್ಚಿಕೊಂಡು ಬಾಗಿಲ ಹಿಂದೆ ನಿಂತವಳಿಗೆ ಇನ್ನೇನು ಕಂಡೀತು ಹೇಳು.

ಮೂರನೆಯ ಹೊರಳಿನಲ್ಲಿ ಅಪ್ಪ "ಹಾ" ಎಂದು ನಿಂತ. ಕಾರಿ ಮುಳ್ಳು, ಎಡಗಾಲಿನ ಹಿಮ್ಮಡಿಯಲ್ಲಿ ಅರ್ಧ ಇಂಚು ಒಳಗೆ. "ಇಲಾಖಿ ದೇವ್ರು ಪ್ರಸಾದ ಕೊಟ್ಟ" ಎಂದು ಕಾಕಾ ಅಂದದ್ದಕ್ಕೆ ಬೈಯಲೂ ಆಗದಷ್ಟು ನೋವು. ಅವನನ್ನು ಹಾದಿಯ ಮೇಲೇ ಕೂರಿಸಿ, ಸೆರಗಿನ ಪಿನ್ನು ತೆಗೆದು ನಾನು ಮುಳ್ಳು ಕೆದಕತೊಡಗಿದೆ. ಅಪ್ಪ ನೋವು ನುಂಗಲು ಮುಖ ಆ ಕಡೆ ತಿರುಗಿಸಿದ. ಆ ಕಡೆ ಅವನ ಮುಖದ ಮಟ್ಟಕ್ಕೆ ಸರಿಯಾಗಿ ಆ ಕಲ್ಲಿನ ಗುರುತು.

ನಾನು ಮುಳ್ಳು ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ಅವನು ನೋಡಲಿಲ್ಲ. ಕಾಲು ನನ್ನ ಮಡಿಲಲ್ಲೇ ಇತ್ತು, ತೆಗೆದುಕೊಳ್ಳಲೂ ಇಲ್ಲ. ಬೆರಳು ಚಾಚಿ ಆ ಬಿಳಿ ಗೆರೆಯ ಮೇಲೆ ನಿಧಾನವಾಗಿ ಎಳೆದ, ಮೊದಲು ಒಂದು ಬದಿ, ಆಮೇಲೆ ಇನ್ನೊಂದು ಬದಿ, ಕೊನೆಗೆ ಎಡಗಡೆಯ ಚುಕ್ಕಿ. ಮರಿಯ ಕಿವಿ ಹಿಡಿದು ನೋಡುವವರ ಹಾಗೆ. "ಇದನ್ನ ಯಾರು ಹಾಕ್ಯಾರ?" ಎಂದು ಕೇಳಿದ. ಇಲಿಯಾಸ್ ತಪ್ಪೊಪ್ಪಿಕೊಳ್ಳುವವನ ಹಾಗೆ, "ಹಿಂದಿನ ಗಾರ್ಡ್ ರೀ, ವರ್ಗ ಆಗಾಕಿಂತ ಮೊದಲ. ನಾ ಅಳಿಸಿ ಬ್ಯಾರೆ ಹಾಕ್ತೀನ್ರಿ" ಅಂದ. ಆಗ ಅಪ್ಪ ಅಂದದ್ದನ್ನು ಹಾಗೇ ಬರೆಯುತ್ತೇನೆ: "ಅದಕ್ಕ ಕೈ ಹಚ್ಚಿದ್ರ ನೋಡು ಮತ್ತ."

ಅಷ್ಟೇ. ಎದ್ದು ಕುಂಟುತ್ತ ಮುಂದೆ ನಡೆದ. ಈಗ ಅವನು ಹಾದಿ ನೋಡುತ್ತಿರಲಿಲ್ಲ, ಕಲ್ಲುಗಳ ಬುಡ ನೋಡುತ್ತಿದ್ದ. ನನಗೆ ಆಗ ಹೊಳೆಯಿತು ಅಣ್ಣಾ, ಆಗ. ನನಗೂ ಒಂದು ಮಾತು ಹೇಳಲಿಲ್ಲವಲ್ಲ ನೀನು! ದೊಡ್ಡಿಯ ದಿನದಿಂದ ನಿನಗೆ ವರ್ಗವಾಗುವ ತನಕ ಮೂರು ತಿಂಗಳು, ಅಪ್ಪ ನಿನ್ನ ಮುಖ ನೋಡದ ಮೂರು ತಿಂಗಳು, ನೀನು ಪ್ರತಿದಿನ ಹೋಗಿ ಆ ಕಲ್ಲುಗಳ ಮೇಲೆ ನಮ್ಮ ಕಚ್ಚು ಬರೆಯುತ್ತಿದ್ದೆಯಾ?

ಮೇಲಿನ ಬಂಡೆಯ ಬಗ್ಗೆ ನಾನು ಬೋರ್ಡಿಗೆ ನಾಲ್ಕು ಸಾಲು ಬರೆಯಬೇಕಿತ್ತು, ಅಲ್ಲಿ ನಿಂತಾಗ ಒಂದೂ ಹೊಳೆಯಲಿಲ್ಲ. ಗುಡ್ಡದ ಎದೆಯಿಂದ ಹೊರಗೆ ಚಾಚಿದ ಹಾಸುಗಲ್ಲು, ಹತ್ತು ಜನ ಸಾಲಾಗಿ ಕೂರಬಹುದು, ಕೆಳಗೆ ಒಮ್ಮೆಲೆ ಬಯಲು. ಮಸ್ಕಿಯ ಮನೆಗಳು, ಮಲ್ಲಯ್ಯನ ಗುಡ್ಡ, ಹಳ್ಳದ ಕೆರೆಯ ನೀರು ಒಂದು ಒಡೆದ ಕನ್ನಡಿಯ ಚೂರಿನಂತೆ. ಆಚೆ ಸಿಂಧನೂರಿನ ಕಡೆ ಕಾಲುವೆ ಎಲ್ಲಿ ಮುಟ್ಟಿದೆಯೋ ಅಲ್ಲಿಂದ ಒಮ್ಮೆಲೆ ಹಸಿರು, ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ. ಅಮ್ಮ ಬಾಗಿ ನೆಟ್ಟ ಗದ್ದೆಯೂ ಅಲ್ಲೆಲ್ಲೋ ಇರಬೇಕು. ಈಚೆ ನಮ್ಮ ತೊಗರಿ, ಸಜ್ಜೆಯ ಕಪ್ಪು ನೆಲ. ಕಲ್ಲಿನ ಹಿಂದಿನ ಸೀಳಿನಿಂದ ನೀರು ಜಿನುಗುತ್ತಿತ್ತು. ಹತ್ತು ವರ್ಷದ ಹಿಂದೆ ಬತ್ತಿದ್ದು ಎಂದು ಕಾಕಾ ಅಂದ. ಅವನು ಬೊಗಸೆ ಹಿಡಿದು ಕುಡಿದು ಅಪ್ಪನಿಗೂ ಕುಡಿಸಿದ.

"ಇದು ಗೌಡನ ಹಾಸುಗಲ್ಲು" ಎಂದು ಅಪ್ಪ ಇಲಿಯಾಸನಿಗೆ ಹೇಳಿದ. ಇಲಿಯಾಸ್ ಗಾಬರಿಯಾದ, "ಯಾವ ಊರ ಗೌಡ್ರಿ? ಸಾಹೇಬ್ರು ಕೇಳ್ತಾರ್ರಿ." ಕಾಕಾ ನಕ್ಕು ನಕ್ಕು ಕೂತೇ ಬಿಟ್ಟ. ಗೌಡ ಅಂದರೆ ಅಪ್ಪನ ಹಿಂಡಿನ ಮುಂದಾಳು ಗಂಡಾಡು, ಹೋತ. ಗಡ್ಡ ಬಿಟ್ಟುಕೊಂಡು ಈ ಬಂಡೆಯ ಅಂಚಿನಲ್ಲಿ ಮೆಲುಕು ಹಾಕುತ್ತ ಕೂತು, ಕೆಳಗಿನ ಏಳು ಹಳ್ಳಿಯೂ ತನ್ನದೇ ಎಂಬ ಹಾಗೆ ನೋಡುತ್ತಿತ್ತಂತೆ. "ಗೌಡ ಅಂತ ಬರಿ ಸಾಕು, ಹೋತ ಅಂತ ಬರಿಬ್ಯಾಡ. ಓದಿದೋರು ತಮಗ ತಿಳಿದಂಗ ತಿಳಕೊಳ್ಳಲಿ" ಎಂದು ಕಾಕಾ ತೀರ್ಪು ಕೊಟ್ಟ.

ಅವರು ನಗುತ್ತಿದ್ದಾಗ ಅಪ್ಪ ಬಂಡೆಯ ಬುಡದಲ್ಲಿ ಏನೋ ಹುಡುಕುತ್ತಿದ್ದ. ಸಿಕ್ಕಿತು. ನಿನ್ನ ಕೊನೆಯ ಗುರುತು, ಜಿನುಗುವ ನೀರಿನ ಪಕ್ಕದಲ್ಲಿ. ಎರಡು ಗೆರೆ ಉಳಿದಿದ್ದವು, ಎಡಗಡೆಯ ಚುಕ್ಕಿ ತೊಳೆದುಹೋಗಿತ್ತು. ಅವನು ಅದರ ಎದುರು ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಣ್ಣಾ, ನೀನು ಜೋಯಿಡಾಕ್ಕೆ ಹೋದ ಮೇಲೆ ನನಗೆ ಬರೆದ ಮೊದಲ ಪತ್ರದಲ್ಲೇ ಕಾರಣ ಬರೆದಿದ್ದೆ. ಎರಡು ವರ್ಷದಿಂದ ಅದು ನನ್ನ ಗಂಟಲಲ್ಲಿತ್ತು. ಪ್ರತಿ ಸಲ ಹೇಳಬೇಕೆಂದು ಬಾಯಿ ತೆಗೆದಾಗಲೂ ಅವನು ಹಿತ್ತಲಿಗೆ ಹೋಗುತ್ತಿದ್ದ, ನಾನು ಅದನ್ನೇ ನೆಪ ಮಾಡಿಕೊಂಡು ಪುಸ್ತಕ ಹಿಡಿಯುತ್ತಿದ್ದೆ. ಆ ಬಂಡೆಯ ಮೇಲೆ ಹಿತ್ತಲಿರಲಿಲ್ಲ. ನಾನು ಹೇಳಿದೆ. ನಡುವೆ ನಿಲ್ಲಿಸಲಿಲ್ಲ. "ಯಪ್ಪಾ, ನಿನ್ನ ಹೆಸರು ಬರದ್ರ ನಿನ್ನ ಮ್ಯಾಲ ಕೇಸ್ ಆಕ್ಕಿತ್ತು. ಲಿಂಗಸುಗೂರು ಕೋರ್ಟಿಗೆ ವರ್ಷಗಟ್ಲೆ ಅಡ್ಡಾಡಬೇಕಾಗ್ತಿತ್ತು. ಮಾಲಕರು ಗೊತ್ತಿಲ್ಲ ಅಂತ ಬರದ್ರ ದೊಡ್ಡಿ ದಂಡಕ್ಕ ಮುಗೀತಿತ್ತು. ಅದಕ್ಕ ಅಣ್ಣ ಹಂಗ ಬರದ. ಗುರುತು ಸಿಗಲಿಲ್ಲ ಅಂತಲ್ಲ."

ಅಪ್ಪ ಒಂದೇ ಸಲಕ್ಕೆ ಕರಗಿಹೋದ ಎಂದು ಬರೆದರೆ ನೀನು ನಂಬುವುದಿಲ್ಲ, ಅದು ನಿಜವೂ ಅಲ್ಲ. "ಕೇಸ್ ಹಾಕಿದ್ರ ಹಾಕಲಿ ಬಿಡು" ಅಂದ. "ಅಡ್ಡಾಡ್ತಿದ್ದೆ. ಈ ಕಾಲು ಕೋರ್ಟಿಗೆ ಹೋಗಾಕ ಅಂಜತಾವೇನು? ಇಂವ ಗಾರ್ಡ್ ವೀರೇಶ, ಆಂವ ಅವರಪ್ಪ ಆದಪ್ಪ ಅಂತ ಎಲ್ಲಾರ ಮುಂದ ಕರೀತಿದ್ರು. ಅದನ್ನಾರ ಕೇಳ್ತಿದ್ದೆ." ತಡೆದು, ದನಿ ತಗ್ಗಿಸಿ, "ತಗ್ಗು ದಾಟಿಸಿದ್ದು ನಾನಾ. ಆಡು ತಾವಾಗೆ ಹೊಕ್ಕಿದ್ದಲ್ಲ" ಅಂದ. ನನಗೆ ಇದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇ? ಗೊತ್ತಿತ್ತು ಅನ್ನಿಸುತ್ತದೆ.

ಆಮೇಲೆ ಅವನು ಸೊಂಟದಿಂದ ಎಲೆಅಡಿಕೆಯ ಚೀಲ ತೆಗೆದ. ಅಡಿಕೆ ಹಾಕಿಕೊಳ್ಳುತ್ತಾನೆ ಅಂದುಕೊಂಡೆ. ಸುಣ್ಣದ ಡಬ್ಬಿಯ ಮುಚ್ಚಳ ತೆರೆದು, ತೋರುಬೆರಳಿಗೆ ಸುಣ್ಣ ತೆಗೆದುಕೊಂಡು, ಬಂಡೆಯ ಮೇಲೆ ನಿನ್ನ ಎರಡು ಗೆರೆಗಳ ಎಡಗಡೆ ಒಂದು ಚುಕ್ಕಿ ಒತ್ತಿದ. ಹಿಂದೆ ಸರಿದು ನೋಡಿ, ಇನ್ನಷ್ಟು ಸುಣ್ಣ ತೆಗೆದು ಮತ್ತೊಮ್ಮೆ ಗಟ್ಟಿಯಾಗಿ ಒತ್ತಿದ. 

ಇಳಿಯುವ ಮೊದಲು ಇಲಿಯಾಸ್ ಒಂದು ಫಾರಂ ತೆಗೆದ. ಸ್ಥಳದ ಹೆಸರು ಹೇಳಿದವರ ವಿವರ ತುಂಬಬೇಕಂತೆ. ಹೆಸರು ಆದಪ್ಪ ಎಂದು ಬರೆದು, "ತಂದಿ ಹೆಸರು ಹೇಳ್ರಿ" ಅಂದ. ಅಪ್ಪ ಬಯಲಿನ ಕಡೆ ನೋಡುತ್ತ ಅಂದ: "ತಂದಿ ಹೆಸರು ಬ್ಯಾಡ. ಅವ ಸತ್ತು ನಲವತ್ತು ವರ್ಷಾತು, ಇಲಾಖಿಗೆ ಏನು ಉಪಯೋಗ? ಮಗನ ಹೆಸರು ಬರಿ. ಆದಪ್ಪ, ಗಾರ್ಡ್ ವೀರೇಶನ ಅಪ್ಪ." ಇಲಿಯಾಸ್, "ಆ ಜಾಗದಾಗ ಹಂಗ ಬರಿಯಾಕ ಬರಂಗಿಲ್ರಿ" ಅನ್ನಲು ಹೊರಟ. ರಹಮಾನಸಾಬ ಕಾಕಾ ಅವನ ಪಾಲಿಶ್ ಮಾಡಿದ ಬೂಟಿನ ಮೇಲೆ ಕಾಲಿಟ್ಟ. ಅವನು ಬರೆದ. ನಾನು ಬಗ್ಗಿ ನೋಡಿದೆ, ಕಾಗುಣಿತ ಸರಿಯಾಗಿತ್ತು.

ಕೆಳಗೆ ಬಂದಾಗ ಚಪ್ಪಲಿ ಇದ್ದಲ್ಲೇ ಇದ್ದವು. ಇಲಾಖೆಯ ದೇವರು ಕಾದುಕೊಂಡಿದ್ದ.

ಇಷ್ಟೇ ಸುದ್ದಿ. ಬೋರ್ಡಿನ ನಾಲ್ಕು ಸಾಲು ನಿನ್ನೆ ಬರೆದು ಕೊಟ್ಟೆ. ಅದರಲ್ಲಿ ಮುಳುಗುವ ಸೂರ್ಯ ಇಲ್ಲ. ಇಲಿಯಾಸ್ ತೆರೆಯುವ ದಿನ ಬಂದವರಿಗೆ ಹಾದಿಯ ಬಗ್ಗೆ ನೀವೇ ಎರಡು ಮಾತು ಹೇಳಿ ಎಂದಿದ್ದಾನೆ. ಮೊದಲಾಗಿದ್ದರೆ ಜ್ವರ ಬರಿಸಿಕೊಳ್ಳುತ್ತಿದ್ದೆ. ಈ ಸಲ ನೋಡುತ್ತೇನೆ ಅಂದಿದ್ದೇನೆ. ಅತ್ತಿಗೆಗೆ ನನ್ನ ನೆನಪು ಹೇಳು. ಅಮ್ಮ ನಿಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟೆ ಎಂದು ಬರೆಯಲು ಹೇಳುತ್ತಿದ್ದಾಳೆ, ಮತ್ತು ಬಿಸಿನೀರು ಕುಡಿ, ಒದ್ದೆ ಬನಿಯನ್ನು ಬಿಚ್ಚಿ ಹಾಕು ಎಂದೂ.

ನಿನ್ನ ತಂಗಿ
ಅಂಬಿಕಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಇದು ನಡೆಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಅಪ್ಪ ಚಾಕು ಮಸೆದ. ಅರಿಶಿನ, ಬೂದಿ ತಂದಿಟ್ಟುಕೊಂಡು ಪಂಚಮಿಯ ಮರಿಗಳನ್ನು ಮಡಿಲಿಗೆ ಹಾಕಿಕೊಂಡ. ಗಂಡುಮರಿಯ ಎಡಗಿವಿ ಹಿಡಿದು ತುಂಬ ಹೊತ್ತು ನೋಡಿ, ಕೊಯ್ಯದೆ ಕೆಳಗೆ ಬಿಟ್ಟ. "ಇವು ಅವನ ಕೈಲೆ ಆಗಲಿ. ದೀಪಾವಳಿ ಮಟ ಕಾಯ್ತೀನಿ, ಆಮ್ಯಾಲ ಕಿವಿ ಗಟ್ಟಿ ಆಕ್ಕಾವು. ಬರಿ ಅವನಿಗೆ" ಅಂದ. ನಾನು ಪತ್ರ ಬರೆಯುವುದು ಅವನಿಗೆ ಗೊತ್ತಿತ್ತು! ಅರ್ಜಿ ಇವತ್ತೇ ಹಾಕು ಅಣ್ಣಾ, ಮೂವತ್ತರ ತನಕ ಕಾಯಬೇಡ. ಚಾಕು ಒರೆಸಿ, ಗೂಟಕ್ಕೆ ನೇತುಹಾಕಿದ್ದ ನಿನ್ನ ಹಳೆಯ ಖಾಕಿ ಟೊಪ್ಪಿಗೆಯನ್ನು ಇಳಿಸಿ ಧೂಳು ಬಡಿದು, ಅದರೊಳಗೆ ಇಟ್ಟಿದ್ದಾನೆ.